ಮೇಲಿನ ಮಂಚದ ಹಾಸಿಗೆ

ಹುಬ್ಬಳ್ಳಿಯ ಅಂಗಡಿಯಲ್ಲಿ ಸೌಮ್ಯಾ ಬಂಕ್ ಬೆಡ್‌ನ ಮೇಲಿನ ಮಂಚದ ಕಟಕಟೆಯನ್ನು ಎರಡೂ ಕೈಯಿಂದ ಜಗ್ಗಿದಳು. ಅಲುಗಲಿಲ್ಲ. ಏಣಿಯನ್ನೂ ಹತ್ತಿ ನೋಡಿದಳು.

"ಹುಡುಗಿ ಬೀಳಬಾರದ ನೋಡ್ರಿ."

"ಬೀಳಂಗಿಲ್ರಿ ಅಕ್ಕಾರ, ಕಟಕಟಿ ಎತ್ತರ ಐತಿ," ಎಂದ ಅಂಗಡಿಯ ಬಂದೇನವಾಜ. "ಕೆಳಗ ಯಾರ ಮಲಗೋರ್ರಿ?"

"ನಾನ ಮಲಗತೇನಿ."

ಅವಳ ಹೂಟವೇ ಅದು. ಮಗಳು ಐಶ್ವರ್ಯಾ ಹುಟ್ಟಿದಾಗಿನಿಂದ ಅಜ್ಜಿ ಬಾಳವ್ವನ ಕೌದಿಯೊಳಗೇ ಮಲಗಿದವಳು. ಸೌಮ್ಯಾ ಕಾಲೇಜಿನಲ್ಲಿ ಪಾಠ ಹೇಳಿ ಮನೆಗೆ ಬರುವಷ್ಟರಲ್ಲಿ ಅವಳು ಅಜ್ಜಿಯ ತೊಡೆಯೇರಿ ಕೂತಿರುತ್ತಿದ್ದಳು. ಅತ್ತೆ ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬಾಳವ್ವ ಸೊಸೆಗೆ ಒಂದು ಬಿರುಸು ಮಾತು ಆಡಿದವಳಲ್ಲ. ಹಾಗಾಗಿ ಸೌಮ್ಯಾಳ ಹೊಟ್ಟೆಕಿಚ್ಚಿಗೆ ಹೊರಬರಲು ಬಾಗಿಲೇ ಇರಲಿಲ್ಲ.

ಮಂಚದ ಜೊತೆಗೆ ಅಂಗಡಿಯಲ್ಲೇ ಅತಿ ದಪ್ಪನೆಯ ಗಾದಿಯನ್ನೂ ಆರಿಸಿದಳು. ಇದರ ಮೇಲೆ ಒಮ್ಮೆ ಹೊರಳಾಡಿದ ಹುಡುಗಿ ಆ ಹಳೇ ಸೀರೆಗಳ ಕೌದಿಯನ್ನು ಮತ್ತೆ ಯಾಕೆ ಕೇಳುತ್ತಾಳೆ?

ಕೆಲಗೇರಿಯ ಮನೆಯಲ್ಲಿ ಮಂಚ ಜೋಡಿಸಿ ಮೇಲೆ ಗಾದಿ ಹಾಸಿದ್ದೇ ತಡ, ಐಶ್ವರ್ಯಾ ಹತ್ತಿ ಕುಣಿಯತೊಡಗಿದಳು. "ಅಜ್ಜೀ, ಇಲ್ಲಿ ನೋಡಬಾ," ಎಂದು ಪಡಸಾಲೆಯ ಕಡೆ ಬಾಗಿದಳು. ಅಂಗಡಿಯಲ್ಲಿ ಮಂಚದ ಮೇಲೆ ಬರೀ ಹಲಗೆಯಿತ್ತು. ಅಲ್ಲಿ ಎತ್ತರವಾಗಿ ಕಂಡ ಕಟಕಟೆ ಇಲ್ಲಿ ಗಾದಿಯ ದಪ್ಪದಲ್ಲಿ ಮುಳುಗಿಹೋಗಿತ್ತು. ಸೌಮ್ಯಾ ಓಡಿಬಂದು ಹಿಡಿಯುವಷ್ಟರಲ್ಲಿ ಹುಡುಗಿ ಅರ್ಧ ಹೊರಗೆ ಜೋತಿದ್ದಳು.

ಮಗಳನ್ನು ಅವಚಿ ಇಳಿಸಿದಳು. ಗಾದಿಯನ್ನು ಕೆಳಗಿನ ಮಂಚಕ್ಕೆ ಎಳೆದು ಹಾಕಿದಳು. ಮೇಲೆ ಹಾಸುವಂಥ ತೆಳ್ಳನೆಯದು ಮನೆಯಲ್ಲಿದ್ದುದು ಒಂದೇ.

"ಅತ್ತಿ, ನಿಮ್ಮ ಕೌದಿ ಬೇಕಾಗಿತ್ರಿ. ಮ್ಯಾಲ ಹಾಸಾಕ."

ಬಾಳವ್ವ ಮಡಚಿಟ್ಟಿದ್ದ ಕೌದಿಯನ್ನು ಒಮ್ಮೆ ಸವರಿ ಕೊಟ್ಟಳು.

"ತಗೋ ತಂಗಿ. ನಾ ಇನ್ನೊಂದ ಹೊಲ್ಕೋತೇನಿ." ಆಮೇಲೆ ಮೆಲ್ಲಗೆ, "ನಿದ್ದಿಗಣ್ಣಾಗ ನನ್ನ ಕೈ ಹುಡುಕತೈತಿ ಕೂಸು. ಹಿಡ್ಕೊಂಡ್ರ ಸುಮ್ಮನಾಕ್ಕೈತಿ," ಎಂದಳು.

ಹೆತ್ತವಳಿಗೆ ಇದು ಗೊತ್ತಿರಲಿಲ್ಲ. ತಾನೇ ಆ ಮಂಚದಿಂದ ಬಿದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ ಎನಿಸಿತು ಸೌಮ್ಯಾಳಿಗೆ.

ಮಧ್ಯಾಹ್ನದ ಊಟವಾದ ಮೇಲೆ ಐಶ್ವರ್ಯಾ ಕೌದಿಯ ಮೇಲೆ ಮುದುಡಿ ಕಣ್ಣು ಮುಚ್ಚಿದಳು. ಕೆಳಗಿನ ದಪ್ಪ ಗಾದಿಯ ಮೇಲೆ ಸೌಮ್ಯಾಳಿಗೆ ನಿದ್ದೆ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕಟಕಟೆಯ ಸಂದಿಯಿಂದ ಪುಟ್ಟ ಕೈ ಇಳಿದು ಗಾಳಿಯಲ್ಲಿ ತಡಕಾಡಿತು. ಅವಳು ಎದ್ದು ಕೂತು ಅದನ್ನು ಹಿಡಿದಳು.

"ಅಜ್ಜಿ?"

ಪಡಸಾಲೆಯಲ್ಲಿ ಬಾಳವ್ವ ಕೆಮ್ಮಿದ ಸದ್ದು ಕೇಳಿತು.

"ಹೂಂ," ಎಂದಳು ಸೌಮ್ಯಾ, ಆದಷ್ಟು ಮೆಲ್ಲಗೆ.