ಒಗೆಯಬಾರದ ತೋಳುಪಟ್ಟಿ

“ಥೂ, ಮುದಿ ಗೊಡ್ಡೆ! ಕೋರ್ಟು ಅಂದ್ರೆ ಬಟ್ಟೆ ಒಗೆಯೋ ಕಟ್ಟೆ ಅನ್ಕೊಂಡ್ಯಾ? ಮುಚ್ಚು ಬಾಯಿ!”

ನ್ಯಾಯಾಧೀಶ ಹೀಗೆ ಗದರಿದರೂ ಬಟ್ಟೆ ಒಗೆಯುವ ಥಿರ್ಜಾ ಅಜ್ಜಿ ಬಾಯಿ ಮುಚ್ಚಲಿಲ್ಲ. ಜಮೀನ್ದಾರ ಹ್ಯಾಲಿಡನ್ನನ ಕಡೆ ಕೈ ತೋರಿಸಿದಳು. “ಮುಳುಗ್ತಿದ್ದ ಈ ಧಣೀನ ಗಿರಣಿ ಮಡುವಿಂದ ಎಳ್ದಾಕ್ದೋನು ನನ್ ಗಂಡ, ಸ್ವಾಮಿ. ‘ನೀವಿಬ್ರೂ ಸಾಯೋಗಂಟ ಗುಡಿಸ್ಲು ನಿಮ್ದೇ’ ಅಂತ ಆವತ್ತೇ ಮಾತು ಕೊಟ್ರು. ಈಗ ಅವ್ನು ಸತ್ತ, ನೀನು ಆಚೆ ನಡಿ ಅಂತಾರೆ.”

ನ್ಯಾಯಾಧೀಶನೋ, ಹ್ಯಾಲಿಡನ್ನನ ಜೊತೆ ನರಿಬೇಟೆಗೆ ಹೋಗುವವನು. “ಎಳೆದಿದ್ದು ಮೊದಲು, ಮಾತು ಆಮೇಲೆ. ಆ ಮಾತಿಗೆ ಬದಲಾಗಿ ನೀವು ಕೊಟ್ಟಿದ್ದೇನು? ಏನೂ ಇಲ್ಲ. ಬರಹ ಇದೆಯಾ? ಅದೂ ಇಲ್ಲ. ಬಾಯ್ಮಾತು ಕಾನೂನಿಗೆ ಗಾಳಿ.”

“ಅಂಗಾರೆ ಮೊದ್ಲು ಮಾತು, ಬರಹ, ಆಮೇಲೆ ಎಳೆಯೋದು?”

“ಹೌದು ಕಣೇ!”

ಕೋರ್ಟು ಗೊಳ್ಳೆಂದಿತು. ನಾಚಿಕೆಗೇಡು, ಹಿಂದೆ ನಿಂತಿದ್ದ ಕೂಲಿಯಾಳುಗಳಾದ ನಾವೂ ನಕ್ಕೆವು.

ಸೋಮವಾರ ಹ್ಯಾಲಿಡನ್ ಅವಳನ್ನು ಹೊರಹಾಕಲು ತಾನೇ ಗಾಡಿ ಹೊಡೆದುಕೊಂಡು ಬಂದ. ಅವಳ ಗುಡಿಸಲ ಮುಂದೆ ನಾವು ಹೂಳೆತ್ತುತ್ತಿದ್ದ ಕಾಲುವೆಯ ಅಂಚಿನಲ್ಲಿ ಚಕ್ರ ಜಾರಿತು. ಧಣಿ ಗಾಳಿಯಲ್ಲಿ ಹಾರಿ ಸೊಂಟದವರೆಗೆ ಕೆಸರಲ್ಲಿ ಕೂತ. ಆಗ ನಮ್ಮ ಊಟದ ಹೊತ್ತು. ಆ ಒಂದು ಗಂಟೆ ನಾವು ಯಾರ ಆಳೂ ಅಲ್ಲ. ಆದರೂ ಹಗ್ಗ ಹಿಡಿದು ಓಡಿದೆವು. ಅಜ್ಜಿ ಬಟ್ಟೆ ತಿರುವುವ ಕೋಲು ಅಡ್ಡ ಹಿಡಿದಳು.

“ಮುಟ್ಟಿದ್ರೆ ಕೈ ಮುರೀತೀನಿ. ಮೊದ್ಲು ಮಾತು!”

“ಎಳೀರೋ ಬೋಳಿಮಕ್ಳಾ! ಗುಡಿಸಲು ತಾನೇ? ತಗೊಂಡು ಸಾಯಿ!”

“ಬಾಯ್ಮಾತು ಗಾಳಿ, ಧಣಿ. ಬರೀರಿ.”

“ಇಲ್ಲಿ ಕಾಗದ ಎಲ್ಲಿಂದ ತರ್ಲೇ?”

“ಅಂಗಿ ಕೈತುದೀಗೆ ಸಿಕ್ಸಿರೋ ತೋಳುಪಟ್ಟಿ ಐತಲ್ಲ. ನಾನೇ ಗಂಜಿ ಹಾಕಿದ್ದು, ಹಲಗೆ ಇದ್ದಂಗೈತೆ.”

ಅವನು ಹಲ್ಲು ಕಡಿಯುತ್ತ ಜೇಬಿನ ಪೆನ್ಸಿಲ್ಲಿನಿಂದ ಗೀಚಿ, ಪಟ್ಟಿ ಬಿಚ್ಚಿ ಎಸೆದ. ನಮ್ಮಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ.

“‘ಮುದಿ ಹಂದಿ’ ಅಂತ ಬರ್ದವ್ನೆ, ಅಜ್ಜಿ.”

“ಇನ್ನೊಂದು ತೋಳೈತಲ್ಲ, ಅದ್ರಲ್ಲಿ ಸರ್ಯಾಗಿ ಬರೀಲಿ. ಬನ್ರೋ, ಅಲ್ಲೀಗಂಟ ರೊಟ್ಟಿ ತಿನ್ನಾನ.”

ನಾವು ತಿಂದೆವು. ಅಷ್ಟು ರುಚಿಯಾದ ಈರುಳ್ಳಿಯನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಕೆಸರು ಮೇಲೇರಿ ಅವನ ಎದೆ ಮುಟ್ಟುವ ಮೊದಲೇ ಎರಡನೇ ಪಟ್ಟಿ ಬಂತು: ‘ನನ್ನನ್ನು ಎಳೆದು ತೆಗೆದರೆ, ಥಿರ್ಜಾ ಬದುಕಿರುವವರೆಗೂ ಗುಡಿಸಲು ಅವಳದು.’ ಕೆಳಗೆ ಸಹಿ. ಹತ್ತು ಜನ ಜಗ್ಗಿದೆವು. ಧಣಿ ಬಂದ, ಬೂಟು ಬರಲಿಲ್ಲ. ನಾವು ಬಿದ್ದು ಬಿದ್ದು ನಕ್ಕೆವು.

ಶನಿವಾರ ಬಂಗಲೆಯ ಕೆಲಸದವಳು ಬಂದಳು. “ಧಣಿಗಳ ತೋಳುಪಟ್ಟಿ ಒಗೆದು ಕೊಡ್ಬೇಕಂತೆ. ಇಲ್ದಿದ್ರೆ ಕೋರ್ಟಂತೆ.”

ಒಲೆಯ ಮೇಲಿನ ಗೋಡೆಗೆ ಆ ಸಹಿಯಿದ್ದ ಪಟ್ಟಿಯನ್ನು ಮೊಳೆ ಹೊಡೆದು ನಿಲ್ಲಿಸಿದ್ದ ಅಜ್ಜಿ ತಿರುಗಿಯೂ ನೋಡಲಿಲ್ಲ.

“ಮೂವತ್ತು ವರ್ಸ ಅವನ ಕೊಳೆ ತೊಳ್ದಿದೀನಿ. ಈ ಕೊಳೆ ನಂದು ಅಂತ ಯೋಳೋಗು.”