ತಂಗಿ ಹಾಕಿದ ಎರಡು ಸೊನ್ನೆ

೧

ಮೊದಲ ವಾಕ್ಯವನ್ನು ಆರು ಸಲ ಕತ್ತರಿಸಿದ್ದೇನೆ. ಬಟ್ಟೆಯಾಗಿದ್ದರೆ ಇಷ್ಟು ಹೊತ್ತಿಗೆ ಕರವಸ್ತ್ರವಾಗಿ ಹೋಗಿರುತ್ತಿತ್ತು. ಈ ಕಥೆ ಯಾರಿಂದ ಶುರುವಾಗಬೇಕು, ನನ್ನಿಂದಲೋ ನನ್ನ ತಂಗಿಯಿಂದಲೋ? ನಮ್ಮ ಮನೆಯಲ್ಲಿ ಏನೇ ಆದರೂ ಅವಳಿಂದಲೇ ಶುರುವಾಗುತ್ತಿತ್ತು. ಆದ್ದರಿಂದ ಇದು ನನ್ನಿಂದ.

ನಾನು ಟೈಲರ್. ಮೂವತ್ತೆಂಟು ವರ್ಷದಿಂದ ಕೋಟು, ಷರಟು, ಸಮವಸ್ತ್ರ ಹೊಲಿಯುತ್ತಿದ್ದೇನೆ. ಓದಿದ್ದು ಊರ ಶಾಲೆಯಲ್ಲಿ, ಏಳನೇ ತರಗತಿ. ತಂಗಿ ಮನಶ್ಶಾಸ್ತ್ರಜ್ಞೆ. ಜನರ ಬುದ್ಧಿ ಅಳೆಯುವುದು ಅವಳ ಕೆಲಸ. ನಾನು ಎದೆ, ಸೊಂಟ, ತೋಳು ಅಳೆಯುತ್ತೇನೆ, ಅವಳು ತಲೆ ಅಳೆಯುತ್ತಾಳೆ. ಅವಳ ಟೇಪಿಗೆ ಮರ್ಯಾದೆ ಜಾಸ್ತಿ.

(ಇದು ಹೊಟ್ಟೆಕಿಚ್ಚಿನ ಕಥೆ ಎಂದು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಅಕ್ಕ ತಂಗಿ ತಬ್ಬಿಕೊಂಡು ಅಳುತ್ತಾರೆ ಎಂದು ಕಾಯುವವರು ಇಲ್ಲೇ ಎದ್ದು ಹೋಗಬಹುದು. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.)

ಇನ್ನೊಂದು ಮಾತು. ಈ ಕರಡನ್ನು ತಂಗಿಗೆ ಕೊಟ್ಟಿದ್ದೆ. ಕಾಗುಣಿತ ನೋಡು ಅಂದರೆ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ತಕರಾರು ಬರೆದು ವಾಪಸ್ ಕಳಿಸಿದಳು. ಅಳಿಸಲು ಹೋಗಿಲ್ಲ. ಪಾತ್ರವೇ ಎದುರು ಮಾತಾಡಿದರೆ ಓದುಗರಿಗೆ ಪಂಚಾಯ್ತಿ ಮಾಡುವ ಸುಖವಾದರೂ ಸಿಗಲಿ.

೨

ಹಳೆಯ ಗಾಯ ಕೆರೆದು ಶುರು ಮಾಡುವುದು ಕಥೆಗಾರರ ಚಾಳಿ. ನಾನೂ ಕೆರೆಯುತ್ತೇನೆ.

ನನಗೆ ಹನ್ನೆರಡು, ಅವಳಿಗೆ ಹತ್ತು. ಪಟ್ಟಣದ ವಸತಿಶಾಲೆಗೆ ನಮ್ಮ ಶಾಲೆಯಿಂದ ಒಬ್ಬರನ್ನು ಆರಿಸಲು ಒಬ್ಬ ಅಧಿಕಾರಿ ಬಂದ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೇಳಿದ: ಮೂರು ಅಂಗಿ ಒಣಗಲು ಒಂದು ಗಂಟೆ ಬೇಕು, ಆರು ಅಂಗಿ ಒಣಗಲು ಎಷ್ಟು ಬೇಕು? ನಾನು ಎದ್ದು ನಿಂತು "ಎರಡು" ಅಂದೆ. ಮುಂದಿನ ಸಾಲಿನಿಂದ ತಂಗಿ "ಒಂದೇ" ಅಂದಳು. ಅಲ್ಲಿಗೆ ಮುಗಿಯಿತು. ಅವಳು ಟ್ರಂಕು ಹಿಡಿದು ಹೋದಳು, ಟ್ರಂಕಿನೊಳಗೆ ನನ್ನ ಸ್ವೆಟರೂ ಹೋಯಿತು. ನಾನು ಮರುವರ್ಷ ಹೊಲಿಗೆ ಯಂತ್ರದ ಮುಂದೆ ಕೂತೆ.

ಆದರೆ ಕೇಳಿ. ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನಾನು. ನಮ್ಮ ಹಗ್ಗಕ್ಕೆ ಹಿಡಿಯುತ್ತಿದ್ದದ್ದೇ ಮೂರು ಅಂಗಿ. ಮೊದಲ ಮೂರು ಒಣಗಿ ಇಳಿಯಬೇಕು, ಆಮೇಲೆ ಇನ್ನು ಮೂರು. ಎರಡು ಗಂಟೆ. ನನ್ನ ಉತ್ತರ ಸರಿಯಾಗಿತ್ತು.

[ಅಂಚಿನಲ್ಲಿ: ಹಗ್ಗ ಉದ್ದವಾಗಿತ್ತು ಅಕ್ಕ. ನಮ್ಮ ಗೋಡೆಯಿಂದ ಪಕ್ಕದ ಮನೆ ಕಂಬದವರೆಗೆ. ಹನ್ನೆರಡು ಅಂಗಿ ಹಿಡಿಯುತ್ತಿತ್ತು.]

ಹೌದು, ಉದ್ದವಾಗಿತ್ತು. ಈ ನಲವತ್ತು ವರ್ಷದಲ್ಲಿ ಗೇಣು ಗೇಣಾಗಿ ಕತ್ತರಿಸಿ ಗಿಡ್ಡ ಮಾಡಿದವಳು ನಾನೇ.

೩

ಇಲ್ಲಿ ತಂಗಿಯ ಮನೆಯ ಸೋಫಾದ ವರ್ಣನೆ ಇತ್ತು. ನಾಲ್ಕು ಪುಟ. ಓದಿ ನನಗೇ ನಾಚಿಕೆಯಾಯಿತು.

೪

ಕಳೆದ ತಿಂಗಳು ಅವಳು ಫೋನ್ ಮಾಡಿದಳು.

"ಅಕ್ಕ, ಒಂದು ಗಂಟೆ ಬಿಡುವು ಮಾಡ್ಕೋತೀಯಾ? ನಮ್ಮ ಹೊಸ ಪರೀಕ್ಷೆಗೆ ಸಾಮಾನ್ಯ ಜನ ಬೇಕು."

"ಸಾಮಾನ್ಯ ಜನ ಅಂದ್ರೆ?"

"ಐವತ್ತು ದಾಟಿದವರು, ಏಳನೇ ಕ್ಲಾಸು ದಾಟದವರು. ಆ ಗುಂಪಲ್ಲಿ ಒಬ್ರು ಕಮ್ಮಿ ಬಿದ್ದಿದಾರೆ. ಸಂಬಂಧಿಕರನ್ನ ಕೂರಿಸಬಾರದು, ನಿಜ. ಆದ್ರೆ ಬರ್ತೀನಿ ಅಂದವರು ಕೈಕೊಟ್ರು."

"ಏಳನೇದು ಪಾಸಾಗಿದೀನಿ ಕಣೇ. ದಾಟಿಲ್ಲ, ಅಷ್ಟೆ."

"ನಾನೂ ಅದನ್ನೇ ಹೇಳಿದ್ದು."

ಸೊಂಟಕ್ಕಿರುವ ಹಾಗೆ ಬುದ್ಧಿಗೆ ಇಂಚು ಇಲ್ಲವಂತೆ. ಒಬ್ಬರ ಬುದ್ಧಿಯನ್ನು ಅವರ ಓರಗೆಯ ನೂರಾರು ಜನರ ಬುದ್ಧಿಯ ಪಕ್ಕದಲ್ಲಿಟ್ಟು, ಇವರು ಮೇಲೆ, ಇವರು ಕೆಳಗೆ ಎಂದು ಹೇಳುವುದಂತೆ. ಅದಕ್ಕೆ ಮೊದಲು ಆ ನೂರಾರು ಜನರನ್ನು ಅಳೆದಿಟ್ಟುಕೊಳ್ಳಬೇಕು. ಅಂದರೆ ಪಕ್ಕದ ಮನೆಯವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದಕ್ಕೇ ಒಂದು ಕೋಷ್ಟಕ. ಈ ಶಾಸ್ತ್ರ ನನಗೆ ಓದದೆಯೇ ಬರುತ್ತಿತ್ತು.

"ನನ್ನ ಅಂಕ ಹೇಳ್ತೀಯಾ?" ಅಂತ ಕೇಳಿದೆ.

"ಹೇಳೋ ಹಾಗಿಲ್ಲ."

ಹೋದೆ. ಹೇಗಾದರೂ ಬಾಯಿ ಬಿಡಿಸಬಹುದು ಎಂದುಕೊಂಡು ಹೋದೆ. ಒಂದೇ ಒಂದು ಪ್ರಶ್ನೆ ಕೇಳಿ ನನ್ನನ್ನು ದಡ್ಡಿ ಎಂದು ಪಕ್ಕಕ್ಕೆ ಸರಿಸಿದ್ದರು. ನಾನು ನಿಜಕ್ಕೂ ದಡ್ಡಿಯೋ ಅಲ್ಲವೋ ಎಂದು ಸಾಯುವ ಮೊದಲು ತಿಳಿಯಬೇಕಿತ್ತು. ಈ ಕಥೆಯಲ್ಲಿ ಇರುವುದು ಇಷ್ಟೇ, ಮಿಕ್ಕಿದ್ದೆಲ್ಲ ಲೈನಿಂಗ್ ಬಟ್ಟೆ.

೫

ಒಂದು ಮೇಜು, ಎರಡು ಕುರ್ಚಿ, ಬೋಳು ಗೋಡೆ. ತಂಗಿಯ ಕೈಯಲ್ಲಿ ಸ್ಟಾಪ್‌ವಾಚ್. ಅವಳು ನನಗೆ "ನೀವು" ಅಂದಳು.

"ಈಗ ನೀವು ಈ ಘನಗಳನ್ನು ಜೋಡಿಸಿ, ಕಾರ್ಡಿನಲ್ಲಿರುವ ಚಿತ್ರದಂತೆ ಮಾಡಬೇಕು."

"ನೀವು ಅಂತೀಯಲ್ಲೇ, ಜ್ವರ ಬಂದಿದೆಯಾ?"

"ಕೈಪಿಡೀಲಿ ಹಾಗೇ ಇದೆ. ಸುಮ್ನೆ ಮಾಡು. ಮಾಡಿ."

ಒಂಬತ್ತು ಮರದ ಘನಗಳು. ಕೆಲವು ಮುಖ ಕೆಂಪು, ಕೆಲವು ಬಿಳಿ, ಕೆಲವು ಮೂಲೆಯಿಂದ ಮೂಲೆಗೆ ಸೀಳಿ ಅರ್ಧ ಕೆಂಪು ಅರ್ಧ ಬಿಳಿ. ಇದೂ ಒಂದು ಕೆಲಸವೇ? ಚೂರು ಬಟ್ಟೆ ಜೋಡಿಸಿ ಜೋಡಿಸಿ ನನ್ನ ಬೆರಳು ಸವೆದಿವೆ. ಐದು ಕಾರ್ಡನ್ನು ಹಪ್ಪಳ ಮುರಿದ ಹಾಗೆ ಮುಗಿಸಿದೆ. ಆರನೆಯದು ಇನ್ನೂ ಬೇಗ. ಏಳನೆಯದು ಅದಕ್ಕಿಂತ ಬೇಗ.

"ಸಾಕು. ಮುಂದಿನದಕ್ಕೆ ಹೋಗೋಣ," ಅಂದಳು ತಂಗಿ. ಕಟ್ಟಿನಲ್ಲಿ ಇನ್ನೂ ಆರು ಕಾರ್ಡು ಉಳಿದಿದ್ದವು.

ಇಲ್ಲಿ ನಾನು ಹೀಗೆ ಬರೆದಿದ್ದೆ: 'ತಂಗಿಯ ಮುಖ ಕಪ್ಪಿಟ್ಟಿತು. ಅಕ್ಕನ ವೇಗ ಅವಳಿಗೆ ಸಹಿಸಲಾಗಲಿಲ್ಲ.'

[ಅಂಚಿನಲ್ಲಿ: ನನ್ನ ಮುಖ ಯಾವ ಬಣ್ಣಕ್ಕೂ ತಿರುಗಲಿಲ್ಲ. ಕೈಪಿಡಿ ನಿಲ್ಲಿಸು ಎಂದಿತ್ತು, ನಿಲ್ಲಿಸಿದೆ.]

ಈಗ ಹೀಗೆನ್ನುತ್ತಾಳೆ. ಆದರೆ ಅವತ್ತು ನಾನು ನಂಬಿದೆ. ನಿಮ್ಮ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟಿದ್ದಾರೆಯೇ? ನನಗೆ ಅದು ಐವತ್ತೊಂದನೇ ವಯಸ್ಸಿಗೆ ಮೊದಲ ಸಲ. ದಣಿದ ಮೈಗೆ ಬಿಸಿನೀರು ಹುಯ್ದುಕೊಂಡ ಹಾಗಿರುತ್ತದೆ. ಒಂದು ವಾರ ಅಂಗಡಿಯಲ್ಲಿ ಯಾರ ಮೇಲೂ ರೇಗಲಿಲ್ಲ. ಗಿರಾಕಿಗಳು ನನ್ನ ಆರೋಗ್ಯ ವಿಚಾರಿಸಿದರು.

೬

ಸುಮ್ಮನಿರಲಾಗಲಿಲ್ಲ. ಏಳನೇ ಚಿತ್ರವನ್ನು ಜ್ಞಾಪಕದಿಂದಲೇ ಕೆಂಪು ಬಿಳಿ ಚೂರು ಸೇರಿಸಿ ದಿಂಬಿನ ಕವರಾಗಿ ಹೊಲಿದೆ. ಅಂಗಡಿಯ ಮುಂದೆ, ರಸ್ತೆಗೆ ಕಾಣುವ ಹಾಗೆ ತೂಗುಹಾಕಿದೆ. ಸಮವಸ್ತ್ರ ಕೊಡಲು ಬಂದ ನರ್ಸ್ ಒಬ್ಬಳು ಎಷ್ಟಕ್ಕೆ ಕೊಡ್ತೀರಿ ಅಂದಳು. ಮಾರಾಟಕ್ಕಿಲ್ಲ, ಒಬ್ಬರು ನೋಡಬೇಕಾಗಿದೆ ಅಂದೆ.

ಮೂರನೇ ದಿನ ಆ ಒಬ್ಬರು ಬಂದರು.

"ಅದನ್ನ ಇಳಿಸು."

"ಯಾಕೆ?"

"ಪರೀಕ್ಷೆಯ ಚಿತ್ರ ಅಕ್ಕ ಅದು. ಹೊರಗೆ ತೋರಿಸೋ ಹಾಗಿಲ್ಲ. ರಸ್ತೇಲಿ ಹೋಗೋರೆಲ್ಲ ನೋಡ್ತಾರೆ."

"ನೋಡ್ಲಿ. ಉತ್ತರ ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ಉತ್ತರ ತಪ್ಪು."

ಕತ್ತರಿ ನನ್ನ ಕೈಯಲ್ಲೇ ಇತ್ತು. (ಗಾಬರಿಯಾಗಬೇಡಿ, ಇದು ಆ ಥರದ ಕಥೆಯಲ್ಲ. ಆ ಥರದ ಕರಡೂ ಒಂದಿತ್ತು.)

"ಏನು ತಪ್ಪು?"

"ಆರನೇದೂ ತಪ್ಪು, ಏಳನೇದೂ ತಪ್ಪು. ಒಂದರ ಹಿಂದೆ ಒಂದು ಎರಡು ಸೊನ್ನೆ ಬಿದ್ರೆ ನಿಲ್ಲಿಸ್ಬೇಕು. ಅದಕ್ಕೇ ನಿಲ್ಲಿಸಿದ್ದು. ನಿಂಗೆ ಹೇಳಬಾರದಿತ್ತು, ಹೇಳಿಸಿಬಿಟ್ಟೆ."

ನನ್ನ ಬಿಸಿನೀರು ಅಲ್ಲೇ ಆರಿಹೋಯಿತು.

ಅವಳೇ ಕೊಕ್ಕೆಯಿಂದ ಕವರು ಎಳೆದುಕೊಂಡಳು. ಮಡಚಲು ಕೈ ಒಳಗೆ ತೂರಿಸಿದಾಗ ಕವರು ತಿರುಗಿ ಒಳಮೈ ಹೊರಗೆ ಬಂತು. ಚೀಲಕ್ಕೆ ಹಾಕಲು ಹೋದವಳು ನಿಂತುಬಿಟ್ಟಳು. ಮೇಜಿನ ಮೇಲೆ ಹರಡಿ, ದಾರದ ತುದಿಗಳನ್ನು ಬೆರಳಿನಿಂದ ಸರಿಸಿ ನೋಡಿದಳು.

"ಅಕ್ಕ, ಸೀಮೆಸುಣ್ಣದಲ್ಲಿ ಗುರುತು ಯಾವ ಮೈಗೆ ಹಾಕ್ತೀಯ?"

"ಒಳಮೈಗೆ. ಹೊರಮೈಗೆ ಬಳಿದ್ರೆ ಗಿರಾಕಿ ಸುಮ್ನೆ ಬಿಡ್ತಾನಾ?"

"ಆಮೇಲೆ ಹೊರಗಿಂದ ನೋಡಿದ್ರೆ..."

"ಎಡ ಇದ್ದದ್ದು ಬಲಕ್ಕೆ ಬರತ್ತೆ. ಬಟನ್ ಹಚ್ಚೋರಿಗೂ ಗೊತ್ತು ಅದು."

"ಕಾರ್ಡಲ್ಲಿ ಇದ್ದದ್ದು ಇದು," ಎಂದು ಒಳಮೈ ಮೇಲೆ ಅಂಗೈ ಇಟ್ಟಳು. "ಹೀಗೇ ಇತ್ತು. ಒಂದು ಗೆರೆ ಆಚೀಚೆ ಇಲ್ಲ."

ಅರ್ಥವಾಗಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. ಚಿತ್ರ ಕಂಡರೆ ನನ್ನ ಕೈ ಅದನ್ನು ಒಳಮೈ ಗುರುತು ಎಂದೇ ತಿಳಿಯುತ್ತದೆ, ಜೋಡಿಸುವುದು ಹೊರಮೈಯನ್ನು. ಮೊದಲ ಐದು ಚಿತ್ರ ಎಡಬಲ ಒಂದೇ ಥರ ಇದ್ದವು, ತೊಂದರೆಯಾಗಲಿಲ್ಲ. ಆರರಿಂದ ಎಡ ಬೇರೆ, ಬಲ ಬೇರೆ. ನಾನು ಚಿತ್ರವನ್ನು ತಲೆಯೊಳಗೇ ಮಗುಚಿ, ಯಾರೂ ಮಾಡದಷ್ಟು ಬೇಗ ಜೋಡಿಸಿದ್ದೆ. ಕೈಪಿಡಿಯಲ್ಲಿ ಅದಕ್ಕೆ ಸೊನ್ನೆ.

"ನಾನು ಎದುರಿಗೇ ಕೂತಿದ್ದೆ," ಅಂದಳು ತಂಗಿ. "ನಂಗೆ ಹೊಳೀಲಿಲ್ಲ. ಹಾಳೆ ಇನ್ನೂ ಕಳಿಸಿಲ್ಲ. ಏನು ಮಾಡ್ಲಿ, ನೀನೇ ಹೇಳು."

೭

ಈಗ ಕಥೆ ಮುಗಿಸಬೇಕು.

ಅಂತ್ಯ ಒಂದು. ಸೊನ್ನೆ ಹಾಗೇ ಇರುತ್ತದೆ. ಅದು ನನ್ನ ಗುಂಪಿನ ಸರಾಸರಿಯನ್ನು ಕೂದಲೆಳೆಯಷ್ಟು ಕೆಳಗೆ ಜಗ್ಗುತ್ತದೆ. ಮುಂದೊಂದು ದಿನ ನನ್ನಷ್ಟೇ ಓದಿದ ಯಾವಳೋ ಅದೇ ಮೇಜಿನ ಮುಂದೆ ಕೂತು, ನನ್ನ ಸೊನ್ನೆಯ ದಯೆಯಿಂದ, ಕೂದಲೆಳೆಯಷ್ಟು ಜಾಣೆಯಾಗುತ್ತಾಳೆ. ಅವಳು ಯಾರೋ ಗೊತ್ತಿಲ್ಲ. ಅವಳ ಮೇಲೂ ನನಗೆ ಈಗಲೇ ಹೊಟ್ಟೆ ಉರಿಯುತ್ತಿದೆ.

ಅಂತ್ಯ ಎರಡು. ತಂಗಿ ಸೊನ್ನೆ ತಿದ್ದುತ್ತಾಳೆ. ಆಗ ನನ್ನ ಬುದ್ಧಿ ಅವಳು ಕೊಟ್ಟದ್ದಾಗುತ್ತದೆ. ಸ್ವೆಟರ್ ವಾಪಸ್ ಕೊಟ್ಟ ಹಾಗೆ, ಅದು ನನ್ನ ಮೈಗೆ ಹಿಡಿಯದ ವಯಸ್ಸಿನಲ್ಲಿ. ಬೇಡ.

ಅಂತ್ಯ ಮೂರು. ಹಾಳೆ ಹರಿದು ಹಾಕುತ್ತಾಳೆ. ಸಂಬಂಧಿಕರನ್ನು ಕೂರಿಸಬಾರದಿತ್ತು, ಅದೇ ಸರಿಯಾದ ದಾರಿ ಕೂಡ. ಆಗ ನಾನು ಸಾಮಾನ್ಯರ ಲೆಕ್ಕಕ್ಕೂ ಇಲ್ಲ.

ಅಂತ್ಯ ನಾಲ್ಕು. ನಾನು ತಂಗಿಯ ಕೈಗೆ ಬಟ್ಟೆ, ಕತ್ತರಿ ಕೊಡುತ್ತೇನೆ. "ಈಗ ನೀವು ಒಂದು ಎಡತೋಳು, ಒಂದು ಬಲತೋಳು ಕತ್ತರಿಸಿ. ಹತ್ತು ನಿಮಿಷ." ಅವಳು ಬೆವರುತ್ತಾ ಎರಡೂ ಬಲತೋಳನ್ನೇ ಕತ್ತರಿಸುತ್ತಾಳೆ. ನಾನು "ಸಾಕು, ಮುಂದಿನದಕ್ಕೆ ಹೋಗೋಣ" ಅನ್ನುತ್ತೇನೆ. ಇದನ್ನು ಐದು ಸಲ ತಿದ್ದಿ ಬರೆದೆ. ಪ್ರತಿ ಸಲವೂ ಅವಳ ಬೆವರು ಜಾಸ್ತಿ ಮಾಡಿದೆ.

[ಅಂಚಿನಲ್ಲಿ: ಇದು ನಡೆದಿಲ್ಲ. ನಡೆದಿದ್ದರೆ ಎರಡೂ ಬಲತೋಳೇ ಆಗುತ್ತಿದ್ದವು, ಅದು ನಿಜ. ಹಾಳೆ ನಾಡಿದ್ದು ಹೋಗಬೇಕು ಅಕ್ಕ. ನೀನಿನ್ನೂ ಹೇಳಿಲ್ಲ.]

೮

(ಈ ಭಾಗವನ್ನು ಅವಳಿಗೆ ತೋರಿಸಿಲ್ಲ. ಅಂಚು ಖಾಲಿ ಇದೆ.)

ಅವತ್ತು ಅಂಗಡಿಯಲ್ಲಿ ನಿಜವಾಗಿ ನಡೆದದ್ದು ಇಷ್ಟು.

"ನೀನೇ ಹೇಳು. ಜಾಣೆ ನೀನಲ್ವಾ?" ಅಂದೆ.

"ಅದನ್ನ ನಲವತ್ತು ವರ್ಷದಿಂದ ನೀನೇ ಹೇಳ್ಕೊಂಡು ಬಂದಿದೀಯ. ನಾನು ಒಂದ್ಸಲನಾದ್ರೂ ಹೇಳಿದೀನಾ?"

ಹಿಂದೆಲ್ಲ ತಡಕಾಡಿದೆ. ಹೇಳಿಲ್ಲ. ಒಂದು ಸಲ ಹೇಳಿದ್ದರೂ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ನನ್ನ ಮೇಲೆ ನಿಂಗೆ ಒಂದಿನನಾದ್ರೂ ಹೊಟ್ಟೆಕಿಚ್ಚು ಬಂದಿದೆಯಾ?"

ಅವಳು ಕಪಾಟೆಲ್ಲ ತೆಗೆದು ಹುಡುಕುವವಳ ಹಾಗೆ ಯೋಚಿಸಿದಳು. ನಾನು ಕತ್ತರಿ ಕೆಳಗಿಟ್ಟು ಕಾದೆ.

"ಇಲ್ಲ ಅಕ್ಕ," ಅಂದಳು.

ಒಂದು ಸುಳ್ಳು ಸಾಕಾಗಿತ್ತು. ಅಷ್ಟು ಓದಿದವಳಿಗೆ ಅಷ್ಟೂ ಹೊಳೆಯಲಿಲ್ಲ. ಅದಕ್ಕೆ ಎಷ್ಟು ಅಂಕ ಹಾಕಬೇಕು, ನೀವೇ ಹೇಳಿ.

ತೂಗುಹಾಕುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಕವರು ನನ್ನಲ್ಲೇ ಬಿಟ್ಟುಹೋದಳು. ಹತ್ತಿ ತುಂಬಿ ಬಾಯಿ ಹೊಲಿದರೆ ದಿಂಬು ಮುಗಿಯಿತು. ಆದರೆ ಯಾವ ಮೈ ಹೊರಗಿರಬೇಕು? ಒಂದು ಮೈ ನಯವಾಗಿದೆ, ಉತ್ತರ ತಪ್ಪು. ಇನ್ನೊಂದರ ತುಂಬ ಗಂಟು, ದಾರದ ತುದಿ, ಉತ್ತರ ಸರಿ.

ಬೆಳಗಿನಿಂದ ಫೋನ್ ಎರಡು ಸಲ ಬಡಿದುಕೊಂಡಿತು. ಯಾರದೆಂದು ಗೊತ್ತು. ಸೂಜಿಗೆ ದಾರ ಪೋಣಿಸಿ ಇಟ್ಟಿದ್ದೇನೆ. ಕವರನ್ನು ಒಮ್ಮೆ ಹೀಗೆ ತಿರುಗಿಸುತ್ತೇನೆ, ಒಮ್ಮೆ ಹಾಗೆ. ಬಾಯಿ ಇನ್ನೂ ಹೊಲಿದಿಲ್ಲ.