ಹೆಲ್ವಿ ತಿದ್ದಿದ ನಾಲ್ಕು ದಿನ

“ತಡೀರಿ, ತಡೀರಿ! ಕಾಲಿನ ಕಡೆ ಬೇಗ ಇಳೀತಿದೆ,” ಎಂದು ತೌನೊ ಪಿಸುಗುಟ್ಟಿದ.

ಆರು ಜನ ಹಿಡಿದಿದ್ದ ಬಿಳಿಯ ಪಟ್ಟಿಗಳು ಬಿಗಿದು ನಿಂತವು. ಸ್ಪ್ರೂಸ್ ಮರದ ಸೊಪ್ಪು ಹಾಸಿದ್ದ ಗುಂಡಿಯ ನಡುವೆ ಶವಪೆಟ್ಟಿಗೆ ಓಲಾಡಿತು. ತಲೆಯ ಕಡೆ ನಿಂತಿದ್ದ ಅರ್ವೊ ತನ್ನ ಪಟ್ಟಿಯನ್ನು ಬಿಗಿಹಿಡಿದ. ಒಳಗೆ ಮಲಗಿದ್ದವಳು ಅವನ ಹೆಂಡತಿ ಹೆಲ್ವಿ.

“ಅವಳೇ ಇಲ್ಲಿ ನಿಂತಿದ್ದಿದ್ರೆ ನಿಮ್ಮಾರು ಜನಾನೂ ಫೇಲ್ ಮಾಡಿ ಕಳಿಸ್ತಿದ್ಲು,” ಎಂದಳು ಹಿಂದಿನಿಂದ ಕೈಸು, ಹೆಲ್ವಿಯ ತಂಗಿ.

ಪಾದ್ರಿ ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡರು. ಅವರನ್ನೂ ಹೆಲ್ವಿ ಎರಡು ಸಲ ಫೇಲ್ ಮಾಡಿದ್ದಳು.

ಮೂವತ್ತೊಂದು ವರ್ಷ ಹೆಲ್ವಿ ಕುವೊಪಿಯೊದಲ್ಲಿ ಡ್ರೈವಿಂಗ್ ಪರೀಕ್ಷಕಿಯಾಗಿದ್ದಳು. ಊರಿನ ಅರ್ಧ ಜನ ಅವಳ ಪಕ್ಕದ ಸೀಟಿನಲ್ಲಿ ಕೂತು ಬೆವರಿದವರೇ. ಮಣ್ಣು ಹಾಕಿ ಚರ್ಚಿನ ಹಾಲ್‌ಗೆ ಕಾಫಿಗೆಂದು ಬಂದಾಗ ಮಾತೆಲ್ಲ ಅದೇ ಆಯಿತು.

“ನನಗೆ ನಾಲ್ಕು ಸಲ,” ಎಂದ ತೌನೊ, ತಟ್ಟೆಗೆ ಮೀನು ತುಂಬಿದ ರೊಟ್ಟಿ ಹಾಕಿಕೊಳ್ಳುತ್ತ. ಅವನೀಗ ಊರಿನ ಹಳೇ ಟ್ಯಾಕ್ಸಿಯವನು. “ನಾಲ್ಕನೇ ಸಲ ನಾನು ಅತ್ತೇಬಿಟ್ಟೆ. ಕರ್ಚೀಫು ಕೊಟ್ಲು, ಲೈಸೆನ್ಸ್ ಕೊಡ್ಲಿಲ್ಲ!”

“ನಾನು ಒಡಹುಟ್ಟಿದೋಳು ಕಣೋ. ನನ್ನನ್ನ ಬಿಟ್ಲಾ?” ಎಂದಳು ಕೈಸು.

ಎಲ್ಲರೂ ನಕ್ಕರು. ಅರ್ವೊನೂ ನಗಲು ನೋಡಿದ. ಆಗ ಬಾಗಿಲಲ್ಲಿ ಒಬ್ಬ ಅಪರಿಚಿತ ಟೋಪಿ ತೆಗೆದು ನಿಂತದ್ದು ಕಂಡಿತು. ಅರವತ್ತರ ಆಸುಪಾಸು, ಸಣಕಲ, ಹುಬ್ಬೇ ಇಲ್ಲದ ಮುಖ. ಅವನು ನೇರ ಅರ್ವೊನ ಮುಂದೆ ಬಂದ.

“ನಾನು ಒಸ್ಮೊ, ಈಸಾಲ್ಮಿಯವನು. ಆಸ್ಪತ್ರೇಲಿ ಡ್ರಿಪ್ ಹಾಕೋವಾಗ ಹೆಲ್ವಿ ಪಕ್ಕದ ಕುರ್ಚಿ ನಂದು. ನಂಗೂ ಅದೇ ಹೊಸ ಮದ್ದು.”

“ಈಗಲೂ ತಗೋತಿದ್ದೀಯಾ?”

“ಹೂಂ. ನಾಳಿದ್ದು ಹತ್ತೊಂಬತ್ತನೇ ಸಲ.”

ಅರ್ವೊ ಕಾಫಿ ಲೋಟ ಕೆಳಗಿಟ್ಟ. ಹೆಲ್ವಿಗೆ ಸಿಕ್ಕಿದ್ದು ಐದೇ ಸಲ.

*

ಹೋದ ವರ್ಷ ಜನವರಿಯಲ್ಲಿ, ಹೆಲ್ವಿಯ ಕ್ಯಾನ್ಸರಿಗೆ ಹಳೆಯ ಔಷಧಿಗಳೆಲ್ಲ ಸೋತ ಮೇಲೆ, ಡಾಕ್ಟರು ಈ ಪ್ರಯೋಗದ ಮಾತೆತ್ತಿದ್ದರು. ಹೊಸ ಮದ್ದು, ಹಿಡಿದರೆ ಹಿಡಿಯಿತು. ಮೂರು ವಾರಕ್ಕೊಮ್ಮೆ ಡ್ರಿಪ್. ಮನೆಯಲ್ಲಿ ದಿನಾ ಒಂದು ಪುಸ್ತಕದಲ್ಲಿ, ಮೈಯಲ್ಲಿ ಏನೇನಾಯಿತೆಂದು ಬರೆಯಬೇಕು. ಮಾರ್ಚಿನಲ್ಲಿ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದ ಗಡ್ಡೆ ನಾಲ್ಕು ಸೆಂಟಿಮೀಟರಿನಿಂದ ಎರಡೂವರೆಗೆ ಇಳಿದಿತ್ತು. ಆ ಭಾನುವಾರ ಇಬ್ಬರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಆಚೆ ದಡದವರೆಗೆ ನಡೆದುಬಂದರು. ಉಸಿರು ಕಟ್ಟಿದ್ದು ಅರ್ವೊನಿಗೆ, ಅವಳಿಗಲ್ಲ.

ಏಪ್ರಿಲ್‌ನ ಒಂದು ಬೆಳಗ್ಗೆ ಗಂಜಿ ಕುಡಿಯುತ್ತಿದ್ದವಳು ಬಲಗಣ್ಣು ಮುಚ್ಚಿಕೊಂಡು ಕಿಟಕಿಯಾಚೆ ನೋಡಿದಳು.

“ಎಡಗಣ್ಣಿನ ಅಂಚಲ್ಲಿ ಮಸುಕು. ಇವತ್ತಿಗೆ ಐದನೇ ದಿನ.”

“ಬರೆದ್ಯಾ?”

“ಇಲ್ಲ. ನಾಲ್ಕು ದಿನವೂ ‘ಏನಿಲ್ಲ’ ಅಂತ ಬರೆದಿದ್ದೀನಿ.”

“ಹಾಗೇ ಇರ್ಲಿ ಬಿಡು.”

“ಅರ್ವೊ...”

“ಬರೆದ್ರೆ ಮದ್ದು ನಿಲ್ಲಿಸ್ತಾರೆ ಕಣೇ! ಒಂಚೂರು ಮಸುಕಿಗೋಸ್ಕರ ಜೀವ ಬಿಡ್ತೀಯಾ? ನಾನು ಕೈ ಹಿಡಿದು ನಡೆಸ್ತೀನಿ ನಿನ್ನ.”

ಹೆಲ್ವಿ ಗಂಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳ ಗದ್ದ ನಡುಗುವುದನ್ನು ಅರ್ವೊ ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕಂಡ.

“ನಂಗೂ ಬದುಕ್ಬೇಕು ಅಂತಿದೆ ಕಣೋ. ಅದಕ್ಕೇ ನಾಲ್ಕು ದಿನ ಸುಳ್ಳು ಬರೆದೆ,” ಎಂದಳು. “ಆದ್ರೆ ಈ ಮದ್ದು ನಾನೊಬ್ಳೇ ತಗೋತಿಲ್ಲ. ಆಸ್ಪತ್ರೆಗೆ ಬರೋನೊಬ್ಬ ಮರದ ಲಾರಿ ಓಡಿಸ್ತಾನೆ, ಎಂಬತ್ತರ ವೇಗದಲ್ಲಿ. ಅವನ ಕಣ್ಣಿಗೂ ಹೀಗಾಗ್ತಿದ್ರೆ?”

ಅವಳು ಪುಸ್ತಕ ಎಳೆದುಕೊಂಡು ನಾಲ್ಕು ‘ಏನಿಲ್ಲ’ಗಳ ಮೇಲೂ ಗೆರೆ ಎಳೆದಳು. ಪಕ್ಕದಲ್ಲಿ ಇದ್ದದ್ದನ್ನು ಬರೆದು, ಒಂದೊಂದಕ್ಕೂ ಸಹಿ ಹಾಕಿದಳು. ಅರ್ವೊ ತಟ್ಟೆ ನೂಕಿ ಎದ್ದುಹೋದ. ವಾರದೊಳಗೆ ಕಣ್ಣಿನ ಪರೀಕ್ಷೆಯಾಯಿತು, ಅವಳನ್ನು ಪ್ರಯೋಗದಿಂದ ಕೈಬಿಟ್ಟರು. ಕಣ್ಣು ತಿಳಿಯಾಯಿತು. ಗಡ್ಡೆ ಮತ್ತೆ ಬೆಳೆಯಿತು.

*

“ಲಾರಿ ಓಡಿಸ್ತಿದ್ದೋನು ನೀನೇನಾ?” ಎಂದು ಅರ್ವೊ ಕೇಳಿದ.

ಒಸ್ಮೊ ಹೌದೆಂದು ತಲೆಯಾಡಿಸಿದ. “ನಂಗೂ ಮಸುಕಾಗಿತ್ತು. ಮೂರು ವಾರ. ನಾನು ಬರೀಲಿಲ್ಲ.”

ಕೈಸು ತನ್ನ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

“ಹೆಲ್ವಿ ಬರೆದ ವಾರವೇ ನಮ್ಮೆಲ್ಲರ ಕಣ್ಣನ್ನೂ ನೋಡಿದ್ರು. ನಂದು ಅವಳಷ್ಟು ಕೆಟ್ಟಿರ್ಲಿಲ್ಲ. ಮದ್ದು ಅರ್ಧ ಮಾಡಿದ್ರು, ಅಷ್ಟರಲ್ಲೇ ಹಿಡೀತು. ಹೇಳಿದೋಳು ಹೋದ್ಲು, ಮುಚ್ಚಿಟ್ಟೋನು ಉಳಿದೆ.” ಅವನ ದನಿ ಒಡೆಯಿತು. “ಹೋದ ಬೇಸಿಗೇಲಿ ಪರೀಕ್ಷೆಗೆ ರಕ್ತ ಕೊಡೋ ಕಡೆ ಸಿಕ್ಕಿದ್ಲು. ತಡೆಯಕ್ಕಾಗದೆ ಹೇಳ್ಬಿಟ್ಟೆ.”

“ಏನಂದ್ಲು?” ಎಂದಳು ಕೈಸು.

“ಎಲ್ಲಿ ನಿನ್ನ ಪುಸ್ತಕ ಅಂದ್ಲು. ಪಕ್ಕದಲ್ಲಿ ಕೂರಿಸ್ಕೊಂಡು ಆ ಮೂರು ವಾರಾನೂ ದಿನ ದಿನ ನೆನಪು ಮಾಡಿ ಬರೆಸಿದ್ಲು. ಒಂದು ಕಡೆ ‘ಸ್ವಲ್ಪ’ ಅಂತ ಬರೆದೆ. ‘ಸ್ವಲ್ಪ ಅಂದ್ರೆ ಎಷ್ಟು? ರಸ್ತೆ ಬದಿ ಫಲಕ ಓದಕ್ಕಾಗ್ತಿತ್ತಾ ಇಲ್ವಾ?’ ಅಂತ ಗದರಿದ್ಲು. ಮುಗಿದ ಮೇಲೆ ಬನ್ ತಿನ್ನಿಸಿ ಕಳಿಸಿದ್ಲು.”

“ಅದೇ ಅವಳು,” ಎಂದ ತೌನೊ, ಕಣ್ಣೊರೆಸಿಕೊಂಡು. “ಅದೇ ಅವಳು.”

ಅರ್ವೊ ಎದ್ದ. ಕೋಟುಗಳನ್ನು ತೂಗುಹಾಕುವ ಕೋಣೆಗೆ ಹೋಗಿ ಗೋಡೆ ನೋಡುತ್ತ ನಿಂತ. ಇದ್ಯಾವುದನ್ನೂ ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಈ ಮನುಷ್ಯನನ್ನು ಹುಡುಕಿಕೊಂಡು ಹೋಗಿ ಕುತ್ತಿಗೆ ಹಿಡಿಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಒಸ್ಮೊ ಅಲ್ಲಿಗೇ ಬಂದ. “ಬಸ್ಸಿಗೆ ಹೊತ್ತಾಯ್ತು,” ಎಂದು ಯಾರಿಗೋ ಎಂಬಂತೆ ಹೇಳಿ ಬೆಂಚಿನ ಮೇಲೆ ಕೂತು ಬೂಟಿಗೆ ಕಾಲು ತೂರಿಸಿದ. ಮದ್ದಿನಿಂದ ಅವನ ಬೆರಳ ತುದಿಗಳೆಲ್ಲ ಸೀಳಿ ಕೆಂಪಾಗಿದ್ದವು. ಲೇಸು ಒಂದು ಸಲ ಜಾರಿತು, ಎರಡು ಸಲ ಜಾರಿತು. ಮೂರನೆಯ ಸಲ ಅವನು ಹಾಗೇ ತಲೆ ತಗ್ಗಿಸಿ ಕೂತುಬಿಟ್ಟ.

“ಅವಳಿಗೆ ಬರೀಬೇಡ ಅಂದಿದ್ದೆ ನಾನು,” ಎಂದ ಅರ್ವೊ, ಗೋಡೆಯ ಕಡೆಯಿಂದ ತಿರುಗದೆ.

“ನನ್ನ ಹೆಂಡ್ತಿನೂ ಅದನ್ನೇ ಅಂದಿದ್ಲು.”

ಅರ್ವೊ ತಿರುಗಿದ. ಕರಿ ಸೂಟಿನ ಮಂಡಿಯನ್ನು ಕರಗಿದ ಹಿಮದ ನೀರಿನಲ್ಲಿ ಊರಿ ಕೂತು ಒಸ್ಮೊನ ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಂದೊಂದು ಕೊಕ್ಕೆಗೂ ಲೇಸು ಸುತ್ತಿ, ಎಳೆದು, ಎರಡು ಗಂಟು ಹಾಕಿದ.

“ಜಾಸ್ತಿ ಬಿಗಿ ಆಯ್ತಾ?”

“ಇಲ್ಲ.”

“ಇನ್ನೊಂದು ಕಾಲು ಕೊಡು.”

ಒಸ್ಮೊ ಇನ್ನೊಂದು ಕಾಲು ಎತ್ತಿದ. ಬೀಳದಿರಲೆಂದು, ಆ ಸೀಳುಬಿಟ್ಟ ಕೈಯನ್ನು ಅರ್ವೊನ ಬೋಳುತಲೆಯ ಮೇಲೆ ಮೆಲ್ಲನೆ ಊರಿದ.